ಹೊಸ ಸರ್

ಮೈಸೂರಿನಲ್ಲಿ ಆಟೋ ಹತ್ತಿ "ಗಂಗೋತ್ರಿ" ಅಂದರೆ ಮುಗೀತು. ಕಲಬುರಗಿ ಸ್ಟೇಷನ್ ಮುಂದೆ ಅದೇ ಗತ್ತಿನಲ್ಲಿ "ಯೂನಿವರ್ಸಿಟಿ" ಅಂದೆ. "ಯಾವ್ದ್ರಿ ಸರ್?" ಎಂದ ಆಟೋದವನು. ಕೇಳಲೇಬೇಕಲ್ಲ; ಸೇಡಂ ರಸ್ತೆಯಲ್ಲಿ 1980ರ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯ, ಊರೊಳಗೆ ಶರಣಬಸವ ವಿಶ್ವವಿದ್ಯಾಲಯ. ನಾನು ಸೇರಿದ್ದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಮೊದಲ ಸಂಬಳ ಇನ್ನೂ ಆಗಬೇಕಿದೆ.

ಸೆಲೆಕ್ಷನ್ ಕಮಿಟಿಗಳಲ್ಲಿ ಕೂತು ಎದುರಿನವರು ಬೆವರುವುದನ್ನು ನೋಡಿದವನು ನಾನು. ಇಲ್ಲಿನ ಗುಮಾಸ್ತರು ನನ್ನ ಪಿಎಚ್‌ಡಿ ಸರ್ಟಿಫಿಕೇಟನ್ನು ಬದಿಗೆ ಸರಿಸಿ, "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದೀರೇನ್ರಿ, ಒರಿಜಿನಲ್?" ಎಂದರು. ಗಣಿತದಲ್ಲಿ ನನಗೆ ಬಂದ ಅಂಕ ಈಗ ಕಲ್ಯಾಣ ಕರ್ನಾಟಕದಲ್ಲೂ ಒಬ್ಬರಿಗೆ ಗೊತ್ತು.

ವಿಭಾಗದ ಮೀಟಿಂಗಿನಲ್ಲಿ ಕುರ್ಚಿಗಳ ಮೇಲೆ ಹೆಸರು ಬರೆದಿರುವುದಿಲ್ಲ, ಆದರೂ ಒಂದೊಂದೂ ಯಾರದೋ ಆಗಿರುತ್ತದೆ. ಫ್ಯಾನಿನ ಕೆಳಗಿನದು ಹಿರಿಯರದು. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಅದರ ಮುಂದೆ ಡೀನ್‌ಗಿರಿ ಯಾವ ಲೆಕ್ಕ! ನನ್ನ ಪಾಲಿಗೆ ಬಂದದ್ದು ಪಡುವಣ ಕಿಟಕಿ. ಚಹಾ ತಂದ ಅಟೆಂಡರ್ ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಹತ್ತಿರ ಬಂದ. ಬಂದು, ಪಕ್ಕದವರನ್ನು ಕೇಳಿದ: "ಹೊಸ ಸರ್ ಸಕ್ರಿ ಹಾಕ್ಕೋತಾರೇನ್ರಿ?"

ನನ್ನ ಮುಖ ನೋಡಿ ಮರುಕ ಬಂತೋ ಏನೋ, ಆ ಪಕ್ಕದವರೇ ಭಾನುವಾರ ಬೈಕಿನಲ್ಲಿ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಕರೆದೊಯ್ದರು, ಕೆಂಪು ಬಾಳೆ ತಿನ್ನಿಸಲು. ನಂಜನಗೂಡು ರಸಬಾಳೆಯ ಸೀಮೆಯವನಿಗೆ ಬಾಳೆಯ ವಿಷಯದಲ್ಲಿ ಸ್ವಲ್ಪ ಜಂಬ ಇರುತ್ತದೆ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಉಂಟು. ಅಂದರೆ ಹೆಸರು ಆಯಾ ಮಣ್ಣಿಗೇ ಕಟ್ಟಿದ್ದು. ಕಂದನ್ನು ಕಿತ್ತು ಬೇರೆ ಊರಲ್ಲಿ ನೆಟ್ಟರೆ ಗೊನೆ ಬಿಟ್ಟೀತು, ಹೆಸರು ಜೊತೆಗೆ ಬರುವುದಿಲ್ಲ. ಪ್ರೊಫೆಸರುಗಳ ಹಣೆಬರಹವೂ ಹೀಗೇ ಇದ್ದಂತಿದೆ.

ರಸ್ತೆ ಬದಿಯ ಬುಟ್ಟಿಯಲ್ಲಿ ಕಂದುಗೆಂಪು ಸಿಪ್ಪೆಯ ದಪ್ಪ ದಪ್ಪ ಹಣ್ಣು. "ಆಯಿ, ಸರ್ ಮೈಸೂರಿಂದ ಬಂದಾರ, ದೊಡ್ಡ ಪ್ರೊಫೆಸರ್" ಎಂದು ನನ್ನ ಪರಿಚಯವಾಯಿತು. ಆಯಿ ನೋಡಿದ್ದು ಹಣ್ಣನ್ನು ಅದುಮುತ್ತಿದ್ದ ನನ್ನ ಹೆಬ್ಬೆರಳನ್ನು.

"ಒತ್ತಬ್ಯಾಡ್ರಿ. ಏನ್ ಕಲಸ್ತೀರಿ?"

"ಅರ್ಥಶಾಸ್ತ್ರ. ರೊಕ್ಕದ ಲೆಕ್ಕ, ಬೆಲೆ ಯಾಕೆ ಏರ್ತದೆ, ಇಳೀತದೆ..."

"ಮತ್ತ ಎಲ್ಲಾ ಗೊತ್ತಿದ್ದೂ ಚೌಕಾಸಿ ಯಾಕ್ ಮಾಡ್ತೀರಿ?"

ಹತ್ತು ರೂಪಾಯಿಯೂ ಇಳಿಯಲಿಲ್ಲ. ನನ್ನ ಜೊತೆಗಾರರ ಚೀಲಕ್ಕೆ ಮಾತ್ರ ಎರಡು ಹಣ್ಣು ಹೆಚ್ಚಿಗೆ ಬಿದ್ದವು. ಅವರು ಹಳೇ ಗಿರಾಕಿ.