ಪ್ಲಗ್ ರಾಯರು

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಪೆಟ್ರೋಲ್ ವಾಸನೆ ಬಂತೆಂದರೆ ರಾಯರು ಎದ್ದಿದ್ದಾರೆ ಎಂದೇ ಲೆಕ್ಕ. ಜಗಲಿಯ ಮೇಲೆ ಹಳೇ ಪೇಪರು ಹಾಸಿ, ಪಂಚೆ ಎತ್ತಿಕಟ್ಟಿ, ಹೀರೋ ಹೋಂಡಾ ಸಿಡಿ 100ರ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಕಾರ್ಬೊರೇಟರಿನ ಜೆಟ್ಟು, ಫ್ಲೋಟು, ಸ್ಪ್ರಿಂಗು, ಸ್ಕ್ರೂ ಎಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ. ಅದು ಊಟದ ತಟ್ಟೆ ಎಂದು ಒಳಗಿನಿಂದ ಆಗಾಗ ಒಂದು ದನಿ ನೆನಪಿಸುತ್ತಿರುತ್ತದೆ.

ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಯಾರಾದರೂ "ನೂರು ಸಿಸಿ ಗಾಡಿ ಅಲ್ವಾ?" ಎಂದರೆ "97.2" ಎಂದು ತಿದ್ದುತ್ತಾರೆ. ಪೈಸೆ ಬಿಟ್ಟು ಅಭ್ಯಾಸವಿಲ್ಲ. ಎದುರುಮನೆಯವರದು ಯೆಜ್ಡಿ, ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಗಾಡಿ. 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿದ ಊರಲ್ಲಿದ್ದುಕೊಂಡು ಹೊರಗಿನ ಗಾಡಿ ಕೊಂಡದ್ದೇ ಮೂಲದೋಷ, ಮಿಕ್ಕ ರಿಪೇರಿಯೆಲ್ಲ ಬರೀ ಶಾಂತಿ ಹೋಮ ಎಂಬುದು ಅವರ ಸಿದ್ಧಾಂತ.

ಗಾಡಿಯ ಕಾಯಿಲೆ ವಿಚಿತ್ರದ್ದು. ಮನೆಯಲ್ಲಿ ಒಂದೇ ಕಿಕ್ಕಿಗೆ ಸ್ಟಾರ್ಟು. ದೇವರಾಜ ಮಾರುಕಟ್ಟೆಗೆಂದು ಹೊರಟು ರಾಮಸ್ವಾಮಿ ವೃತ್ತ ಬರುವಷ್ಟರಲ್ಲಿ ಪಿಕಪ್ ಸತ್ತು, ಎರಡು ಸಲ ಕೆಮ್ಮಿ, ಆಫ್. ರಾಯರು ಇಳಿಯುತ್ತಾರೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಗಳಗಳ ಸದ್ದು ಕೇಳಿ, ಪೆಟ್ರೋಲ್ ಇದೆ ಎಂದು ಮುಚ್ಚಳ ಹಾಕುತ್ತಾರೆ. ಆಮೇಲೆ ಪ್ಲಗ್ಗು ಬಿಚ್ಚುತ್ತಾರೆ.

ಪ್ಲಗ್ಗನ್ನು ಅವರು ಜಾತಕದ ಹಾಗೆ ಓದುತ್ತಾರೆ. ಕರೀ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಾಫಿಪುಡಿ ಬಣ್ಣ ಬಂದಿದ್ದರೆ ಎಲ್ಲ ಸರಿ. ಇವರದ್ದು ಯಾವಾಗಲೂ ಕಾಫಿಪುಡಿ. ಅನುಮಾನ ಬಂದಿದ್ದೇ ಅಲ್ಲಿ. "ಇಷ್ಟು ಚೆನ್ನಾಗಿರಬಾರದು ಕಣ್ರೀ" ಎನ್ನುತ್ತ ಮರಳುಕಾಗದದಲ್ಲಿ ಉಜ್ಜಿ, ಹಾಕಿ, ಒದೆಯುತ್ತಾರೆ. ಸ್ಟಾರ್ಟು! "ನೋಡಿದ್ರಾ? ಪ್ಲಗ್ಗೇ!"

ಮುಂದಿನ ವಾರ ಅಲ್ಲೇ ನಿಂತಿತು. ಮುಚ್ಚಳ ತೆಗೆದು ನೋಡಿ ಪೆಟ್ರೋಲ್ ಪೈಪು ಊದಿದರು, ಸ್ಟಾರ್ಟು. ಹಾಗಾದರೆ ಪೈಪೇ. ಅದರ ಮುಂದಿನ ವಾರ ಕಾರ್ಬೊರೇಟರಿನ ಕಚಡಾ. ಇನ್ನೊಂದು ಸಲ ಏನೂ ಮಾಡದೆ ಹದಿನೈದು ನಿಮಿಷ ಹಳೇ ಸಹೋದ್ಯೋಗಿಯ ಜೊತೆ ಡಿಎ ವಿಚಾರ ಮಾತಾಡಿ ಒದ್ದರೂ ಹೊರಟಿತು. "ಕಾಯಿಲ್ಲು ಬಿಸಿಯಾಗಿ ಕರೆಂಟು ಕೊಡ್ತಿರಲಿಲ್ಲ, ಈಗ ತಣ್ಣಗಾಯ್ತು" ಎಂದು ಹೊಸ ಕಾಯಿಲ್ಲು ಹಾಕಿಸಿದರು. ಹೊಸ ಕಾಯಿಲ್ಲೂ ರಾಮಸ್ವಾಮಿ ವೃತ್ತದವರೆಗೇ ಬಂತು.

ಅಷ್ಟರಲ್ಲಿ ವೃತ್ತದಲ್ಲಿ ಅವರಿಗೊಂದು ಸಲಹಾ ಮಂಡಳಿಯೇ ಏರ್ಪಟ್ಟಿತ್ತು. ಆಟೋದವರು ಏರ್ ಫಿಲ್ಟರ್ ಎಂದರು. ಎಳನೀರಿನವರು ವಾಲ್ವ್ ಎಂದರು. ಕಾಲೇಜು ಹುಡುಗನೊಬ್ಬ "ಮಾರ್ಬಿಡಿ ಅಂಕಲ್" ಎಂದ. ಅವನನ್ನು ಮಂಡಳಿಯಿಂದ ವಜಾ ಮಾಡಲಾಯಿತು.

ಒಂದು ದಿನ ಹಿಂದಿನ ಸೀಟಿನಲ್ಲಿ ರಾಯರ ಮನೆಯವರೂ ಇದ್ದರು, ತೊಡೆಯ ಮೇಲೆ ಬುಟ್ಟಿ. ಗಾಡಿ ತನ್ನ ಜಾಗದಲ್ಲಿ ನಿಂತಿತು. ರಾಯರು ಮುಚ್ಚಳ ತಿರುಗಿಸಿದರು. ಸ್ಸ್...

"ಏನೂಂದ್ರೆ, ಅದೇನು ಸದ್ದು?"

"ಯಾವಾಗ್ಲೂ ಬರತ್ತೆ ಬಿಡು. ಸ್ಪ್ಯಾನರ್ ಕೊಡು."

ಆಕೆ ಸ್ಪ್ಯಾನರ್ ಕೊಡದೆ ಮುಚ್ಚಳ ಇಸಿದುಕೊಂಡರು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತು ನೋಡಿದ ಕಣ್ಣು. ಅದೇ ಅಭ್ಯಾಸದಲ್ಲಿ ತಿರುವಿ ನೋಡಿದರು. ಗಾಳಿಗೆಂದು ಬಿಟ್ಟಿದ್ದ ಸಣ್ಣ ರಂಧ್ರದಲ್ಲಿ ವರ್ಷ ವರ್ಷದ ಆಯುಧಪೂಜೆಯ ಗಂಧ, ಅರಿಶಿನ, ಕುಂಕುಮ ಪದರಪದರವಾಗಿ ಗಾರೆಯ ಹಾಗೆ ಕೂತಿತ್ತು. ಎಣ್ಣೆ ಡಬ್ಬಕ್ಕೆ ಎರಡನೇ ತೂತು ಹೊಡೆಯದಿದ್ದರೆ ಎಣ್ಣೆ ಗಕ್ಕನೆ ನಿಂತುಬಿಡುತ್ತದಲ್ಲ, ಅದೇ ಕಥೆ: ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದೆ ಟ್ಯಾಂಕು ಉಸಿರು ಬಿಗಿಹಿಡಿಯುತ್ತಿತ್ತು. ಪೆಟ್ರೋಲ್ ಇದೆಯೇ ಎಂದು ರಾಯರು ಮುಚ್ಚಳ ತೆಗೆದಾಗಲೆಲ್ಲ ರೋಗ ವಾಸಿಯಾಗುತ್ತಿತ್ತು. ಕೀರ್ತಿ ಮಾತ್ರ ಪ್ಲಗ್ಗಿಗೆ ಹೋಗುತ್ತಿತ್ತು.

ಆಕೆ ಸೆರಗಿನ ಪಿನ್ನು ತೆಗೆದು ನಾಲ್ಕು ಸಲ ಚುಚ್ಚಿ, ಉಫ್ ಎಂದು ಊದಿ ಕೊಟ್ಟರು.

"ಇರಲಿ, ಪ್ಲಗ್ಗೂ ಒಂದ್ಸಲ ನೋಡಿಬಿಡೋಣ" ಎಂದರು ರಾಯರು.

ಅಲ್ಲಿಂದ ಗಾಡಿ ನಿಂತಿಲ್ಲ. ಮಾರುಕಟ್ಟೆಗೆ ಹೋದ ರಾಯರು ಎಂಟೂವರೆಗೇ ವಾಪಸ್. ಜಗಲಿಯಲ್ಲಿ ಕೂತು ಪೇಪರನ್ನು ಹಾಸುವ ಬದಲು ಓದುತ್ತಾರೆ. ಎಳನೀರಿನವರು "ಸಾಹೇಬ್ರು ಹುಷಾರಾಗಿದ್ದಾರಾ?" ಎಂದು ನನ್ನನ್ನೇ ಎರಡು ಸಲ ಕೇಳಿದರು.

ಈ ಸಲದ ಆಯುಧಪೂಜೆಗೆ ಗಾಡಿಗೆ ಗಂಧ ತಾವೇ ಹಚ್ಚುತ್ತೇನೆಂದು ರಾಯರು ಹಟ ಹಿಡಿದರು. ಹೆಡ್‌ಲೈಟಿಗೆ ಒಂದು ಬೊಟ್ಟು, ಹ್ಯಾಂಡಲಿಗೆ ಒಂದು ಬೊಟ್ಟು. ಟ್ಯಾಂಕಿನ ಮುಚ್ಚಳಕ್ಕೆ ಬಂದಾಗ ಮಾತ್ರ ಹೆಬ್ಬೆರಳು ತುಂಬ ಗಂಧ ತೆಗೆದುಕೊಂಡು ನಿಧಾನವಾಗಿ ಒತ್ತಿದರು. ಪಕ್ಕದಲ್ಲಿದ್ದ ಅವರ ಮನೆಯವರು ಏನೂ ಮಾತಾಡದೆ, ಸೆರಗಿನ ಪಿನ್ನು ತೆಗೆದು ಮಂಗಳಾರತಿ ತಟ್ಟೆಯಲ್ಲಿಟ್ಟರು.