ಕಿಟಕಿ ಬಿಸ್ಕತ್ತು

ಗೌರಿ ಹುಣ್ಣಿಮೆ ಬಂದರೆ ನೀರಮಾನ್ವಿಯಲ್ಲಿ ಸಕ್ಕರೆ ಆರತಿಯ ಸಡಗರ: ಅಚ್ಚಿನಲ್ಲಿ ಎರೆದ ಸಕ್ಕರೆಯ ಆನೆ, ಒಂಟೆ, ಗೋಪುರ. ನನಗೋ ಮೊಬೈಲಿನಲ್ಲಿ ಕಂಡ ಬಣ್ಣದ ಗಾಜಿನ ಬಿಸ್ಕತ್ತಿನ ಹುಚ್ಚು. ನಡುವೆ ತೂತು ಕೊರೆದು ಪಾಕ ಸುರಿದರೆ ಚರ್ಚಿನ ಕಿಟಕಿಯಂತೆ ಹೊಳೆಯಬೇಕು. ಪಾಕ 150 ಡಿಗ್ರಿ ಮುಟ್ಟುವ ತನಕ ಸೌಟು ಆಡಿಸಬಾರದಂತೆ, ಆಡಿಸಿದರೆ ಹರಳುಗಟ್ಟುತ್ತದೆ. ಕೈ ಕೇಳಬೇಕಲ್ಲ! ಇಪ್ಪತ್ತು ವರ್ಷ ಉಪ್ಪಿಟ್ಟು ತಿರುವಿದ ಕೈ ಅದು. ಗಾಜು ಹೋಗಿ ಬೆಳ್ಳನೆ ಗಚ್ಚಾಯಿತು. ಉಳಿ ಹುಡುಕುವುದೋ, ಬೋಗುಣಿಯನ್ನೇ ಗೌರಿಯ ಮುಂದಿಡುವುದೋ ಎಂದು ಯೋಚಿಸುತ್ತಿದ್ದಾಗ ಅತ್ತೆ ಇಣುಕಿದರು. “ಅಳಬ್ಯಾಡವ್ವಾ, ಒಂಚೂರು ನೀರು ಹಾಕಿ ಮತ್ತ ಕುದಸು. ಅಚ್ಚು ತೊಯ್ಸಿಟ್ಟೀನಿ.”

ಕಟ್ಟಿಗೆಯ ಅಚ್ಚು ಬಿಚ್ಚಿದಾಗ ಆನೆ ಎದ್ದು ನಿಂತಿತ್ತು. ಒಂದು ಕಿವಿ ಮಾತ್ರ ಇರಲಿಲ್ಲ. ಅದನ್ನು ತಿಂದವಳು ನಾನೇ.