ಲೀಡ್ ಪುರಾಣ

ದಾವಣಗೆರೆ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳ ಮತಗಳನ್ನು ಬೇರೆಬೇರೆಯಾಗಿ ಎಣಿಸುವುದರಿಂದ, ಯಾವ ಸೀಮೆ ಯಾರಿಗೆ ಎಷ್ಟು ಹೆಚ್ಚು ಮತ ಕೊಟ್ಟಿತೆಂಬ ಲೆಕ್ಕಕ್ಕೆ ‘ಲೀಡ್’ ಎಂಬ ಹೆಸರು ಬಂದಿದೆ. ಗೆದ್ದವರು ಊರನ್ನು ಮರೆತರೂ ಊರು ಈ ಲೆಕ್ಕವನ್ನು ಮರೆಯುವುದಿಲ್ಲ. ಈ ಶಾಸ್ತ್ರದ ಇಬ್ಬರು ಪಂಡಿತರು ಬೆಣ್ಣೆದೋಸೆಯ ಮುಂದೆ ನಡೆಸಿದ ವಾದ ಹೀಗಿದೆ.

ದಾವಣಗೆರೆಯವರು: 2009ರಲ್ಲಿ ಗೆಲುವಿನ ಅಂತರ ಕೇವಲ 2,024 ಮತ, ಅಷ್ಟು ಮಂದಿ ನಮ್ಮ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಗಳ ಮುಂದೆಯೇ ಸಂಜೆ ನಿಂತಿರುತ್ತಾರೆ, ಸ್ವಾಮಿ.

ಹರಿಹರದವರು: ಹಾಗಾದರೆ ಗೆಲ್ಲಿಸಿದವರು ನಾವೇ.

ದಾವಣಗೆರೆಯವರು: ಜಗಳೂರು, ಹೊನ್ನಾಳಿಯವರೂ ಅದನ್ನೇ ಹೇಳುತ್ತಾರೆ, 2024ರ 26,094 ಮತಗಳ ಅಂತರಕ್ಕಂತೂ ಎಂಟೂ ಕಡೆಯವರು ಮೀಸೆ ತಿರುವಿದರು.

ಹರಿಹರದವರು: ಅಮೆರಿಕದಲ್ಲಿ ಈ ತಕರಾರು ಇಲ್ಲವೇ?

ದಾವಣಗೆರೆಯವರು: ಅಲ್ಲಿ ನಮ್ಮ ತಾಲ್ಲೂಕು, ಜಿಲ್ಲೆಗಳಂಥ ವಿಭಾಗವನ್ನು ಕೌಂಟಿ ಎನ್ನುತ್ತಾರೆ, ಅಧ್ಯಕ್ಷರನ್ನು ಆರಿಸುವ ಮಧ್ಯಸ್ಥ ಮತದಾರರನ್ನು ಎಲೆಕ್ಟರ್ ಎನ್ನುತ್ತಾರೆ, 1796ರಲ್ಲಿ ಟೆನೆಸ್ಸಿಯ ಶಾಸನಸಭೆ ಪ್ರತಿ ಕೌಂಟಿಯಿಂದ ಮೂವರನ್ನು ತಾನೇ ಹೆಸರಿಸಿ, ಎಲೆಕ್ಟರ್‌ಗಳನ್ನು ಆರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿತು.

ಹರಿಹರದವರು: ಇಡೀ ಕೌಂಟಿಗೆ ಮೂರೇ ಮತವೇ? ಲೀಡ್ ಎಷ್ಟಾದೀತು?

ದಾವಣಗೆರೆಯವರು: ಒಂದು, ತಪ್ಪಿದರೆ ಮೂರು.

ಹರಿಹರದವರು: ಅಭ್ಯರ್ಥಿಯ ಪುಣ್ಯ! ಪ್ರಚಾರ ಮೂರು ದೋಸೆಯಲ್ಲಿ ಮುಗಿಯುತ್ತಿತ್ತು.

ಅಷ್ಟರಲ್ಲಿ ಬಿಲ್ಲು ಬಂದುದರಿಂದ, ಲೀಡ್ ಹರಿಹರದ್ದೇ ಎಂಬುದನ್ನು ದಾವಣಗೆರೆಯವರು ಮೊದಲ ಬಾರಿಗೆ, ಯಾವ ಮರುಎಣಿಕೆಯನ್ನೂ ಕೇಳದೆ, ಒಪ್ಪಿಕೊಂಡರು.